ಊರ ಕಡೆಯ ಭೋಂಗಾ

ನಾನು ನಿಂತಿದ್ದು ಸುಣ್ಣಕಲ್ಲಿನ ಗಣಿಯ ಪಡುವಣ ದಂಡೆಯ ಮೇಲೆ, ಊರಿನತ್ತ ಮುಖ ಮಾಡಿದ್ದ ಭೋಂಗಾದ ಕಂಬದ ಬುಡದಲ್ಲಿ. ಎಡಗೈ ಕಂಬಕ್ಕೆ ಜಡಿದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಬಾಗಿಲ ಮೇಲಿತ್ತು. ಬೆನ್ನ ಹಿಂದೆ, ಕೈಗೆಟುಕುವಷ್ಟು ದೂರದಲ್ಲಿ, ಬ್ಲಾಸ್ಟಿಂಗ್ ಹೊತ್ತಿಗೆ ಒಳಗೆ ಕೂರಲೆಂದು ಮಾಡಿದ ದಪ್ಪ ತಗಡಿನ ಗೂಡು. ಹೊತ್ತು ಮಧ್ಯಾಹ್ನ ಎರಡು. ಗಡಿಯಾರ ನೋಡಿ ಹೇಳುತ್ತಿಲ್ಲ. ದೂರದ ಸಿಮೆಂಟ್ ಕಾರ್ಖಾನೆಯ ಪಾಳಿಯ ಭೋಂಗಾ ಆಗಷ್ಟೇ ಕೂಗಿ ನಿಂತಿತ್ತು. ಹೋದ ವರ್ಷ, ತೊಗರಿ ರಾಶಿ ಮುಗಿದು ಹೊಲಗಳು ಬರಿದಾಗಿದ್ದ ದಿನಗಳು. ಗಾಳಿ ಪಡುವಣದಿಂದ, ಅಂದರೆ ಊರಿನಿಂದ ಗಣಿಯ ಕಡೆಗೆ ಬೀಸುತ್ತಿತ್ತು.

ಇಷ್ಟನ್ನು ಮೊದಲೇ ಬರೆಯಲು ಕಾರಣವಿದೆ. ಆಮೇಲೆ ನನ್ನನ್ನು ಕೇಳಿದವರೆಲ್ಲ ಮೊದಲು ಕೇಳಿದ್ದು ಇದನ್ನೇ: ನೀನು ಎಲ್ಲಿದ್ದೆ, ಆಗ ಹೊತ್ತೆಷ್ಟು. ನಾನು ಪ್ರತಿ ಸಲವೂ ಇದೇ ಉತ್ತರ ಕೊಟ್ಟೆ. ಆ ಉತ್ತರದ ಒಳಗೇ ಎಲ್ಲದಕ್ಕೂ ಕಾರಣ ಕೂತಿತ್ತು ಎಂಬುದು ನನಗೂ ಬಹಳ ತಡವಾಗಿ ತಿಳಿಯಿತು.

ಗಣಿ ಇರುವುದು ಶಹಾಬಾದ್ ಮತ್ತು ಚಿತ್ತಾಪುರದ ನಡುವೆ. ವಾಡಿಯಲ್ಲಿ ನನ್ನದು ಮೈಕ್ ಸೆಟ್ಟುಗಳನ್ನು ದುರಸ್ತಿ ಮಾಡುವ ಅಂಗಡಿ. ಗಣಿಯವರು ಕರೆಸಿದ್ದು ಸಣ್ಣ ಕೆಲಸಕ್ಕೆ. ನಾಲ್ಕು ದಿಕ್ಕಿಗೆ ಮೈಕಿನ ಕಹಳೆಗಳು, ನಾಲ್ಕು ಭೋಂಗಾ. ನಾಲ್ಕಕ್ಕೂ ಮೂಡಣ ದಂಡೆಯ ಕೋಣೆಯಲ್ಲಿ ಒಂದೇ ಆಂಪ್ಲಿಫೈಯರ್. ಇಲ್ಲಿ ಎಲ್ಲರೂ ಅದನ್ನು ಮಷಿನ್ ಅನ್ನುತ್ತಾರೆ. ಅದರ ಮುಂದೆ ಕೂರುವವರು ಗಣಿಯ ಮೇಟ್, ಬ್ಲಾಸ್ಟಿಂಗಿನ ಉಸ್ತುವಾರಿ ಅವರದು. ಮಷಿನ್ ಕರಕರ ಅನ್ನುತ್ತಿದೆ, ಬಂದು ನೋಡಿ ಹೋಗಿ ಎಂದು ಫೋನು ಮಾಡಿದ್ದರು. ಕೋಣೆಯ ಪಕ್ಕದ ಭೋಂಗಾ ಜೋರಾಗಿಯೇ ಕೂಗುತ್ತಿತ್ತು. ಉಳಿದವನ್ನು ಒಂದೊಂದಾಗಿ ನೋಡುತ್ತ ಪಡುವಣದ ಕಂಬಕ್ಕೆ ಬಂದಾಗ ಬ್ಲಾಸ್ಟಿಂಗ್ ಹೊತ್ತಾಗಿತ್ತು. ಮುಗಿಯುವವರೆಗೆ ತಗಡಿನ ಗೂಡಿನಲ್ಲಿ ಕುಳಿತಿರಿ ಎಂದು ಮೇಟ್ ಮೊದಲೇ ಹೇಳಿದ್ದರು.

ಮದ್ದು ತುಂಬಿದ ಮೇಲೆ ಗಣಿಯಲ್ಲಿ ಮೊಬೈಲ್ ಮುಚ್ಚಿಡಬೇಕು. ಮದ್ದಿಗೆ ಕಿಡಿ ಕೊಡುವ ಕ್ಯಾಪುಗಳ ಹತ್ತಿರ ವಾಕಿಟಾಕಿಯೂ ಸಲ್ಲದು. ಹಾಗಾಗಿ ಮಾತು ಹೋಗುವುದು ಭೋಂಗಾದಿಂದ ಮಾತ್ರ. ಏರಿಳಿಯುವ ಸೈರನ್ ಆದರೆ ದೂರ ಸರಿಯಬೇಕು. ಬ್ಲಾಸ್ಟ್ ಆದ ಮೇಲೆ ಒಂದೇ ಉದ್ದನೆಯ ಕೂಗು ಬಂದರೆ ದಾರಿ ತೆರೆಯಿತು ಎಂದರ್ಥ. ಊರಿನಿಂದ ಗಣಿಯ ಅಂಚಿನಲ್ಲೇ ಹಾದು ಹಳ್ಳದ ಕಡೆ ಹೋಗುವ ಒಂದು ಬಂಡಿದಾರಿ ಇದೆ. ಅಲ್ಲಿ ಕೆಂಪು ಝೇಂಡಾ ಹಿಡಿದು ನಿಲ್ಲುವವರು ವಯಸ್ಸಾದವರೊಬ್ಬರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಆ ಉದ್ದನೆಯ ಕೂಗು ಕೇಳುವವರೆಗೆ ಯಾರನ್ನೂ ಬಿಡದಿರುವುದು ಅವರ ಕೆಲಸ.

ಒಂದು ಬ್ಲಾಸ್ಟ್ ಆಯಿತು. ದಿನವೂ ಆಗುವುದು ಒಂದೇ ಎಂದು ಕೇಳಿದ್ದೆ. ಸ್ವಲ್ಪ ಹೊತ್ತು ಕಾದು ಗೂಡಿನಿಂದ ಹೊರಗೆ ಬಂದೆ, ಪೆಟ್ಟಿಗೆಯ ಬಾಗಿಲ ಮೇಲೆ ಕೈಯಿಟ್ಟೆ, ತೆರೆದೆ. ಒಳಗೆ ಸೊಳ್ಳೆ ಮಾತಾಡಿದಂತೆ ಸದ್ದು. ಭೋಂಗಾದ ಕಾಯಿಲ್ ಸುಟ್ಟು ತಂತಿ ತುಂಡಾಗಿದ್ದರೂ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಬರುತ್ತಲೇ ಇರುತ್ತದೆ. ಅದರ ಒಳಗಿನ ತಗಡುಗಳು ಮಾತಿಗೆ ತಕ್ಕಂತೆ ಅದುರುತ್ತವೆ. ಕಿವಿ ಹಚ್ಚಿದೆ. ಮೇಟರ ದನಿ.

"ಇನ್ನೊಂದ್ ಅದ. ಯಾರಿಗೂ ಬಿಡಬ್ಯಾಡ್ರಿ. ಇನ್ನೊಂದ್ ಹಾರೋದದ."

ತಲೆಯ ಮೇಲಿನ ಭೋಂಗಾ ಸುಮ್ಮನಿತ್ತು. ಉಳಿದ ಮೂರು ಬೇರೆ ದಿಕ್ಕಿಗೆ ಮುಖ ಮಾಡಿದ್ದವು, ಅವುಗಳ ಸದ್ದನ್ನು ಗಾಳಿ ಅತ್ತಲೇ ಒಯ್ಯುತ್ತಿತ್ತು. ಪಡುವಣ ದಿಕ್ಕಿನಲ್ಲಿ ಆ ಮಾತನ್ನು ಕೇಳಿದವನು ನಾನೊಬ್ಬನೇ.

ಕಣ್ಣೆತ್ತಿದೆ. ಕಾಕಾ ಝೇಂಡಾವನ್ನು ಕೋಲಿಗೆ ಸುತ್ತುತ್ತಿದ್ದರು. ಅವರನ್ನು ದಾಟಿ ಆಡುಗಳು ಬರುತ್ತಿದ್ದವು. ಮುಂದೆ ಕೊರಳಿಗೆ ಗಂಟೆ ಕಟ್ಟಿದ ಹೋತ, ಹಿಂದೆ ತಲೆಗೆ ಸೆರಗು ಸುತ್ತಿಕೊಂಡ ಹೆಣ್ಣುಮಗಳು. ನಾನು ಓಡಿದೆ. ಕೂಗಿದೆ ಕೂಡ, ಆದರೆ ಗಾಳಿ ಎದುರಿಗಿತ್ತು, ಕೂಗು ನನ್ನ ಬೆನ್ನ ಹಿಂದಕ್ಕೇ ಹೋಯಿತು. ಎರಡೂ ಕೈ ಬೀಸಿದೆ. ಆಕೆ ನಿಂತಳು. ಯಾಕೆ ನಿಂತೆ ಎಂದು ಆಮೇಲೆ ಕೇಳಿದಾಗ, ಯಾವನೋ ಹುಚ್ಚ ಮೈಮೇಲೆ ಬರುತ್ತಿದ್ದಾನೆ ಅಂದುಕೊಂಡೆ ಎಂದಳು. ಹೋತ ನಿಲ್ಲಲಿಲ್ಲ.

ಮೊದಲು ಕಾಲ ಕೆಳಗೆ ನೆಲ ಅದುರಿತು, ಸದ್ದು ಆಮೇಲೆ ಬಂತು. ಕಲ್ಲು ಗಾಳಿಯಲ್ಲಿ ಬರುವಾಗ ಬಟ್ಟೆ ಹರಿದಂಥ ಸದ್ದು ಮಾಡುತ್ತದೆ. ನಾನದನ್ನು ಮೊದಲ ಸಲ ಕೇಳಿದ್ದು ಅಂದು. ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಹೋತದ ಬೆನ್ನಿನ ಮೇಲೆ ಬಿತ್ತು. ಅದು ಕೂಗಲಿಲ್ಲ, ಇದ್ದಲ್ಲೇ ಕುಸಿಯಿತು. ಅದಕ್ಕೂ ಆಕೆಗೂ ನಡುವೆ ಇದ್ದದ್ದು ಒಂದು ಬಂಡಿ ನಿಲ್ಲುವಷ್ಟು ಜಾಗ. ಆಕೆ ಕೆಳಗೆ ಕುಳಿತಳು, ಕೈಯಲ್ಲಿದ್ದ ಕೋಲನ್ನು ಮಾತ್ರ ಬಿಡಲಿಲ್ಲ. ನಾನು ಹತ್ತಿರ ಹೋದೆ. ನನ್ನ ಬಾಯಿಂದ ಬಂದದ್ದು ಒಂದೇ ಮಾತು, "ಎದ್ದೇಳು ತಂಗಿ, ಎದ್ದೇಳು." ಅವಳು ಏಳಲಿಲ್ಲ. ನಾನೂ ಪಕ್ಕದಲ್ಲಿ ಕುಳಿತೆ.

ಮೇಟ್ ಬಂದರು, ಹಿಂದೆಯೇ ಗಣಿಯ ಮ್ಯಾನೇಜರ್ ಬಂದರು. ಮೇಟ್ ಮತ್ತು ಕಾಕಾ ಸತ್ತ ಹೋತದ ಮುಂದೆಯೇ ಜಗಳಕ್ಕೆ ನಿಂತರು.

"ಭೋಂಗಾ ಹೊಡೀತ್ರಿ, ನಾ ಬಿಟ್ಟೆ," ಅಂದರು ಕಾಕಾ.

"ಎಲ್ಲಿ ಹೊಡದೀನಿ ನಾ? ಇನ್ನೊಂದ್ ಅದ ಅಂತ ಬಾಯಿ ಬಡ್ಕೊಳ್ಳಿಕತ್ತಿದ್ದೆ. ದಿನಾ ಸಂಜಿಗಿ ಕೇಳ್ತೀನಿಲ್ಲೋ ನಿನಗ, ಭೋಂಗಾ ಕೇಳಿಸ್ತೇನಂತ?"

"ಕೇಳ್ತೀರಿ. ಕೇಳಿಸ್ತದಂತ ನಾನೂ ಹೇಳ್ತೀನಿ. ಇವತ್ತೂ ಕೇಳಿಸ್ಯಾದ. ಬಸವಣ್ಣನಾಣಿ."

ಒಬ್ಬರು ಹೊಡೆದಿಲ್ಲ ಅನ್ನುತ್ತಾರೆ, ಇನ್ನೊಬ್ಬರು ಕೇಳಿದೆ ಅನ್ನುತ್ತಾರೆ. ಇಬ್ಬರ ಮುಖದಲ್ಲೂ ಸುಳ್ಳು ಇರಲಿಲ್ಲ. ಕಾಕಾನನ್ನು ಅಂದೇ ತೆಗೆದುಹಾಕಬೇಕು ಎಂದು ಮೇಟ್ ಪಟ್ಟು ಹಿಡಿದರು. ಭೋಂಗಾ ಸತ್ತಿದ್ದನ್ನು ನಾನು ಕಂಡಿದ್ದೆ, ಅದನ್ನು ಹೇಳಿದೆ. ಮ್ಯಾನೇಜರ್ ಎಲ್ಲ ಕೇಳಿ, ಭೋಂಗಾ ಸರಿಯಾಗಿದೆ ಎಂದು ಮಿಸ್ತ್ರಿ ಹೇಳುವವರೆಗೆ ಬ್ಲಾಸ್ಟಿಂಗ್ ಬಂದ್, ಕಾಕಾನ ವಿಷಯ ಆಮೇಲೆ ಎಂದರು. ಮಿಸ್ತ್ರಿ ಅಂದರೆ ನಾನು. ಇನ್ನು ನನ್ನ ಬಾಯಿಂದ ಸರಿ ಎಂಬ ಮಾತು ಬಿದ್ದರೆ ಗಣಿಯಲ್ಲಿ ಮದ್ದು ಹಾರುತ್ತದೆ, ಆಕೆ ಆ ದಾರಿಯಲ್ಲಿ ಹೋಗುತ್ತಾಳೆ. ಹಳ್ಳಕ್ಕೆ ಆಡು ಹೊಡೆಯಲು ಬೇರೆ ದಾರಿ ಇಲ್ಲ.

ಭೋಂಗಾದ ಹಿಂಭಾಗದಲ್ಲಿರುವ, ಸದ್ದು ಹುಟ್ಟಿಸುವ ಯೂನಿಟ್ ಬಿಚ್ಚಿ ವಾಡಿಗೆ ತಂದೆ. ಮುಚ್ಚಳ ತೆಗೆದೊಡನೆ ಸುಟ್ಟ ವಾರ್ನಿಷಿನ ವಾಸನೆ. ಕಾಯಿಲ್ ಕಪ್ಪಾಗಿ ಕಾಗದದ ಸುರುಳಿಯಿಂದ ಬಿಟ್ಟುಕೊಂಡಿತ್ತು. ತುಂಡಾದ ತುದಿಗೆ ಕಿಲುಬು ಕೂಡ ಹಿಡಿದಿತ್ತು, ಅಂದರೆ ಸತ್ತು ಬಹಳ ದಿನವಾಗಿತ್ತು. ಇದಕ್ಕೂ ಮೊದಲು ಎರಡು ಸಲ ಬೇರೆಯವರು ಇದೇ ಯೂನಿಟ್ಟಿಗೆ ಹೊಸ ಡಯಾಫ್ರಾಂ, ಅಂದರೆ ಕಾಯಿಲ್ ಅಂಟಿದ ಅದುರುವ ತೆಳು ಹಾಳೆ, ಹಾಕಿದ್ದರಂತೆ. ಉಳಿದ ಮೂರು ಸುಟ್ಟಿರಲಿಲ್ಲ. ಇದೊಂದೇ ಯಾಕೆ ಎಂಬುದು ನನ್ನ ತಲೆ ತಿನ್ನತೊಡಗಿತು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಮಷಿನ್ನಿನ ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಐನೂರು ವ್ಯಾಟ್ ಎಂದಿತ್ತು. ಅದು ಕ್ಷಣಮಾತ್ರದ ತುದಿಯ ಅಂಕಿ, ಅಂಗಡಿಯ ಗಾಜಿಗೆ ಇಟ್ಟದ್ದು. ಹಿಂಭಾಗದ ತಗಡಿನಲ್ಲಿ ಸಣ್ಣಗೆ ಇನ್ನೂರೈವತ್ತು ಎಂದಿತ್ತು. ಅದು ಮಷಿನ್ ದಣಿಯದೆ ಕೊಡಬಲ್ಲದ್ದು. ಯೂನಿಟ್ಟಿನ ಡಬ್ಬಿಯ ಮೇಲೂ ಹಾಗೆಯೇ: ಕಣ್ಣಿಗೆ ಬೀಳುವ ನೂರು, ಹುಡುಕಿದರೆ ಸಿಗುವ ಅರವತ್ತು. ಮೂರು ಭೋಂಗಾಗಳನ್ನು ಮೂವತ್ತು ವ್ಯಾಟಿಗೆ ಕಟ್ಟಿದ್ದರು. ಊರು ದೂರ, ಅಲ್ಲಿಗೆ ಜೋರಾಗಿ ಕೇಳಬೇಕೆಂದು ಪಡುವಣದ್ದನ್ನು ಮಾತ್ರ ಅರವತ್ತಕ್ಕೆ. ಒಟ್ಟು ನೂರೈವತ್ತು. ಇನ್ನೂರೈವತ್ತರ ಮಷಿನ್ನಿಗೆ ಇದು ಹೆಚ್ಚಲ್ಲ.

ಹೊಸ ಡಯಾಫ್ರಾಂ ಹಾಕಿ ಮರಳಿ ಹೋದೆ. ಸೈರನ್ ಹಾಕಿಸಿ ತಂತಿಗಳ ತುದಿಯಲ್ಲಿ ಮೀಟರ್ ಹಿಡಿದೆ. ಪೂರ್ತಿ ಜೋರಿಗೆ ನೂರು ವೋಲ್ಟ್ ಇರಬೇಕಾದ ತಂತಿಯಲ್ಲಿ ನೂರ ಮೂವತ್ತು. ವೋಲ್ಟ್ ಸ್ವಲ್ಪ ಏರಿದರೆ ವ್ಯಾಟ್ ಬಹಳ ಏರುತ್ತದೆ. ಅರವತ್ತಕ್ಕೆ ಕಟ್ಟಿದ ಯೂನಿಟ್ ಅಲ್ಲಿ ನೂರು ವ್ಯಾಟ್ ನುಂಗುತ್ತಿತ್ತು. ಮಾತಾಡುವಾಗ ನಾವು ಉಸಿರೆಳೆಯುತ್ತೇವೆ, ಶಬ್ದಗಳ ನಡುವೆ ನಿಲ್ಲುತ್ತೇವೆ, ಅಷ್ಟರಲ್ಲಿ ಕಾಯಿಲ್ ತಣ್ಣಗಾಗುತ್ತದೆ. ಡಬ್ಬಿಯ ಮೇಲಿನ ಅಂಕಿಗಳು ಆ ಬಿಡುವನ್ನು ನಂಬಿಕೊಂಡವು. ಸೈರನ್ನಿಗೆ ಉಸಿರಿಲ್ಲ. ಅದರ ಮೇಲೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದರು. ಮಷಿನ್ ತನ್ನ ಶಕ್ತಿ ಮೀರಿ ಕೂಗಿದಾಗ ಸದ್ದಿನ ಅಲೆಯ ತಲೆ ಕತ್ತರಿಸಿ ಸಪಾಟಾಗುತ್ತದೆ. ಕೇಳುವವರಿಗೆ ಅದು ಕರಕರ, ಕಾಯಿಲಿಗೆ ಅದು ಬೆಂಕಿ. ಯಾವ ಭೋಂಗಾ ಎಲ್ಲಕ್ಕಿಂತ ಜೋರಾಗಿ ಕೂಗಲಿ ಎಂದು ಬಯಸಿದ್ದರೋ ಅದೇ ಮೊದಲು ಸತ್ತಿತ್ತು. ಮೇಟರಿಗೆ ಗೊತ್ತಾಗುವಂತಿರಲಿಲ್ಲ. ಅವರ ಕಿವಿಯ ಪಕ್ಕದ ಭೋಂಗಾ ಚೆನ್ನಾಗಿಯೇ ಇತ್ತು.

ಬೇಕಾದ ಸಾಮಾನು ತರಲು ಕಲಬುರಗಿಗೆ ಹೋಗಬೇಕಾಯಿತು. ಬರುವವರೆಗೆ ಏನೂ ಮುಟ್ಟಬೇಡಿ ಎಂದು ಮೇಟರಿಗೆ ಹೇಳಿಹೋದೆ. ಮರಳಿ ಬಂದು ಕೋಣೆಯ ಬಾಗಿಲಲ್ಲಿ ನಿಂತಾಗ ದೊಡ್ಡ ಮಷಿನ್ ಮೂಲೆಯಲ್ಲಿತ್ತು. ಮೇಜಿನ ಮೇಲೆ ಅದರ ಅರ್ಧದಷ್ಟಿನ, ನೂರಿಪ್ಪತ್ತು ವ್ಯಾಟಿನ ಇನ್ನೊಂದು ಕೂತಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು. ಬೆಳಗಿನಿಂದ ಸೈರನ್ ಹಾಕಿ ನೋಡುತ್ತಿದ್ದ ಮೇಟ್ ಖುಷಿಯಲ್ಲಿದ್ದರು.

"ದೊಡ್ಡ ಮಷಿನ್ನಿನ ಜೋರಿಗೇ ಸುಡ್ಲಿಕತ್ತಿತ್ತು, ಮಿಸ್ತ್ರಿ. ಸಣ್ಣದು ಹಚ್ಚೀನಿ ನೋಡ್ರಿ. ಇದು ಎಷ್ಟರೆ ಸುಟ್ಟೀತು?"

ಮೈಕಿನಲ್ಲಿ ಮಾತಾಡುತ್ತಿರಿ ಎಂದು ಹೇಳಿ ಪಡುವಣದ ಕಂಬಕ್ಕೆ ನಡೆದು ಹೋದೆ. ಪೆಟ್ಟಿಗೆ ತೆರೆದರೆ ಮತ್ತೆ ಅದೇ ಸೊಳ್ಳೆಯ ಮಾತು. ನಾನು ಹಾಕಿದ ಹೊಸ ಡಯಾಫ್ರಾಂ ಸುಟ್ಟಿತ್ತು.

ನಮ್ಮ ಕಡೆ ಈ ತಪ್ಪು ಎಲ್ಲರದು. ಸಣ್ಣ ಎತ್ತು ಬಂಡಿ ಮುರಿಯುವುದಿಲ್ಲ ಎಂಬಂತೆ, ಸಣ್ಣ ಮಷಿನ್ ಭೋಂಗಾ ಸುಡುವುದಿಲ್ಲ ಎಂದು ಸೇಡಂನಿಂದ ಚಿಂಚೋಳಿಯವರೆಗೆ ಮೈಕ್ ಹಚ್ಚುವ ಪ್ರತಿಯೊಬ್ಬರೂ ನಂಬಿದ್ದಾರೆ. ಮೇಟ್ ಮೊದಲು ಟಿಪ್ಪರ್ ಓಡಿಸಿದವರು. ಕೋಣೆಗೆ ಮರಳಿ ಅವರಿಗೆ ಗಾಡಿಯ ಮಾತಿನಲ್ಲೇ ಹೇಳಿದೆ.

"ಸಾಹೇಬ್ರ, ನೂರೈವತ್ತರ ಲೋಡಿಗಿ ನೂರಿಪ್ಪತ್ತರ ಮಷಿನ್ ಹಚ್ಚೀರಿ. ತುಂಬಿದ ಗಾಡೀನ ಏರಿನ್ಯಾಗ ಎಕ್ಸಲೇಟರ್ ಪೂರಾ ಒತ್ತಿ ಹತ್ತಿಸಿದಂಗ. ಇಂಜಿನ್ ಒದರ್ತದ, ಗಾಡಿ ಹತ್ತಂಗಿಲ್ಲ, ಕ್ಲಚ್ ಸುಡ್ತದ. ದೊಡ್ಡ ಇಂಜಿನ್ ಅರ್ಧ ಒತ್ತಿದ್ರ ಸುಮ್ನ ಹತ್ತಿ ಹೋಗ್ತದ."

ಅವರು ಮೇಜಿನ ಮೇಲಿನ ಸಣ್ಣ ಮಷಿನ್ ಮುಟ್ಟಿ ಕೈ ಹಿಂದೆಳೆದರು.

"ಅಂದ್ರ ಒದರೋದ ಸುಡ್ತದ, ಜೋರಲ್ಲ."

ಅಷ್ಟೇ ಅಂದೆ. ಅಂದು ಅವರು ಚಹಾ ತರಿಸಿಕೊಟ್ಟರು, ಆದರೆ ನನ್ನ ಮುಖ ನೋಡಲಿಲ್ಲ.

ದೊಡ್ಡ ಮಷಿನ್ನನ್ನೇ ಮರಳಿ ಇಟ್ಟೆ. ಸೈರನ್ನಿಗೂ ಮಷಿನ್ನಿಗೂ ನಡುವೆ ಲಿಮಿಟರ್ ಹಾಕಿದೆ. ಏನೇ ಬಂದರೂ ಒಂದು ಎತ್ತರಕ್ಕಿಂತ ಮೇಲೆ ಹೋಗಲು ಬಿಡದ ಸಣ್ಣ ಪೆಟ್ಟಿಗೆ ಅದು. ಸೈರನ್ ಪೂರ್ತಿ ಕೂಗಿದಾಗ ತಂತಿಯಲ್ಲಿ ಎಪ್ಪತ್ತು ವೋಲ್ಟ್ ಮೀರದಂತೆ ಕಟ್ಟಿದೆ. ಎಪ್ಪತ್ತು ವೋಲ್ಟ್ ಅಂದರೆ ಕಾಯಿಲಿಗೆ ಅರ್ಧದಷ್ಟೇ ವ್ಯಾಟ್. ಕಿವಿಗೆ ಮಾತ್ರ ತುಸುವೇ ಕಡಿಮೆ. ಊರ ಕಡೆಗೆ ಒಂದರ ಬದಲು ಎರಡು ಭೋಂಗಾ ಹಾಕಿ, ಎರಡನ್ನೂ ಮೂವತ್ತಕ್ಕೆ ಕಟ್ಟಿದೆ. ಗಾಳಿ ಮೈಕಿಗೆ ಬಡಿದಾಗ ಬರುವ ಗುಡುಗು ಕಾಯಿಲನ್ನು ಜಗ್ಗದಂತೆ ಪ್ರತಿ ಭೋಂಗಾದ ದಾರಿಯಲ್ಲೂ ಒಂದು ಕೆಪಾಸಿಟರ್ ಇಟ್ಟೆ. ಸೈರನ್ ಎಳೆದು ಕೂಗದೆ, ಕೂಗಿ ನಿಂತು ಮತ್ತೆ ಕೂಗುವಂತೆ ಮಾಡಿದೆ, ಅದಕ್ಕೂ ಉಸಿರು ಸಿಗಲಿ ಎಂದು. ಕೊನೆಗೆ ಮಷಿನ್ನಿನ ಗುಂಡಿಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ.

"ಕಿವಿ ಹಿಂಡ್ಲಿಕ್ಕ ಏನೂ ಬಿಟ್ಟಿಲ್ಲಲ್ರಿ," ಅಂದರು ಮೇಟ್.

ಬ್ಲಾಸ್ಟ್ ಇಲ್ಲದೆ ಬರೀ ಸೈರನ್ ಹಾಕಿ ಪರೀಕ್ಷೆ ಮಾಡಿದೆವು. ಸಂಜೆ ಮೇಟ್ ಕಾಕಾನನ್ನು ಕೇಳಿದರು, ಭೋಂಗಾ ಕೇಳಿಸ್ತೇನು. ಕೇಳಿಸ್ತು ಅಂದರು ಕಾಕಾ. ಇನ್ನೇನು, ಮ್ಯಾನೇಜರಿಗೆ ಸರಿ ಎಂದು ಹೇಳಿಬಿಡಿ ಎಂದರು ಮೇಟ್. ನಾಳೆ ಹೇಳುತ್ತೇನೆ ಎಂದು ವಾಡಿಗೆ ಬಂದೆ.

ಬಂದೆ, ಆದರೆ ಯಾವ ಕೆಲಸಕ್ಕೂ ಕೈ ನಿಲ್ಲಲಿಲ್ಲ. ಬೆಸುಗೆ ಹಾಕಲು ಕುಳಿತರೆ ಕಡ್ಡಿ ತಣ್ಣಗಾಗುವವರೆಗೆ ಹಿಡಿದುಕೊಂಡೇ ಇದ್ದೆ. ಭೋಂಗಾ ಸತ್ತು ಬಹಳ ದಿನವಾಗಿತ್ತು, ಕಿಲುಬು ಅದನ್ನು ಹೇಳಿತ್ತು. ಅಷ್ಟು ದಿನವೂ ಕಾಕಾ ಕೇಳಿಸ್ತು ಎಂದಿದ್ದರು. ಈಗಲೂ ಅದನ್ನೇ ಹೇಳಿದರು. ಸತ್ತಾಗಲೂ ಬದುಕಿದಾಗಲೂ ಒಂದೇ ಉತ್ತರ ಬಂದರೆ ಆ ಉತ್ತರದಿಂದ ನಾನು ತಿಳಿದದ್ದೇನು? ವಾಡಿಯ ಜನ ಪಾಳಿಯ ಭೋಂಗಾ ಕೇಳಿ ಊಟಕ್ಕೆ ಏಳುವವರು, ಮಲಗುವವರು, ನಾನೂ ಅವರಲ್ಲೊಬ್ಬ. ಉತ್ತರ ಅಲ್ಲೇ ಇದೆ ಎಂಬುದು ಮರುದಿನ ಗಣಿಗೆ ಹೊರಟಾಗಲೂ ನನಗೆ ಹೊಳೆದಿರಲಿಲ್ಲ. ಯಾರಿಗೂ ಹೇಳದೆ ಒಂದು ಪರೀಕ್ಷೆ ಮಾಡಬೇಕು ಎಂದಷ್ಟೇ ಅನ್ನಿಸಿತ್ತು.

ಪಡುವಣದ ಎರಡೂ ಭೋಂಗಾಗಳ ತಂತಿ ಕಿತ್ತೆ. ಎರಡು ಗಂಟೆಗೆ ಸ್ವಲ್ಪ ಮೊದಲು ಸೈರನ್ ಹಾಕಿ, ಆಮೇಲೆ ಉದ್ದನೆಯ ಕೂಗು ಹಾಕಿ ಎಂದು ಮೇಟರಿಗೆ ಹೇಳಿದ್ದೆ. ಅವರು ಹಾಕಿದರು. ಊರ ಕಡೆಗೆ ಏನೂ ಬರಲಿಲ್ಲ. ನಾನು ಬಂಡಿದಾರಿಗೆ ಇಳಿದು ನಡೆದೆ. ಬ್ಲಾಸ್ಟ್ ಇಲ್ಲದಿದ್ದರೂ ಭೋಂಗಾ ಹೊಡೆಯುವವರೆಗೆ ನಿಲ್ಲು ಎಂದು ಮೇಟ್ ಹೇಳಿದ್ದರು, ಕಾಕಾ ಝೇಂಡಾ ಹಿಡಿದು ನಿಂತಿದ್ದರು. ಆಡು ಕಾಯುವ ಆಕೆ ದಾರಿಯ ಬದಿಯಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ಝೇಂಡಾದ ಕೋಲಿಗೆ ಒಂದು ಗಂಟೆ ಕಟ್ಟಿತ್ತು. ಸತ್ತ ಹೋತದ ಗಂಟೆ. ಯಾರು ಕಟ್ಟಿದ್ದು ಎಂದು ಕೇಳಿದೆ.

"ನಾನೇ ಅಣ್ಣಾ," ಅಂದಳು. "ಮಾಮಾ ನಡುವಿನ್ಯಾಗ ಅಲ್ಲಾಡಿದ್ರ ನನಗ ಗೊತ್ತಾಗ್ಲಿ ಅಂತ. ಹೋತ ಹೋಯ್ತು, ಇನ್ನ ಇವ್ರೇ ಮುಂದಿನ ಹೋತ."

ಕಾಕಾ ಗಂಟೆಯನ್ನು ಬಿಚ್ಚಿರಲಿಲ್ಲ.

ದೂರದಲ್ಲಿ ಕಾರ್ಖಾನೆಯ ಭೋಂಗಾ ಕೂಗಿತು, ನಿಂತಿತು. ಕಾಕಾ ಝೇಂಡಾ ಸುತ್ತತೊಡಗಿದರು. ಗಂಟೆ ಅಲ್ಲಾಡಿತು.

"ಕಾಕಾ, ಭೋಂಗಾ ಕೇಳಿಸ್ತೇನ್ರಿ?"

"ಈಗಿನ್ನ ಹೊಡೀತಲ್ಲ ತಮ್ಮಾ."

"ಹ್ಯಾಂಗ ಹೊಡೀತು? ಕೂಗಿ ತೋರಸ್ರಿ."

ಅವರು ಎರಡೂ ಕೈ ಬಾಯಿಗೆ ಹಿಡಿದು, ಏರದೆ ಇಳಿಯದೆ, ತಗ್ಗಿನ ದನಿಯಲ್ಲಿ ಭೋಂ ಎಂದು ಉಸಿರು ಮುಗಿಯುವವರೆಗೆ ಕೂಗಿದರು. ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದು ಅದು.

ಆಕೆ ರೊಟ್ಟಿ ಕೆಳಗಿಟ್ಟಳು. "ಅದು ಕಾರ್ಖಾನಿ ಭೋಂಗಾ, ಮಾಮಾ. ಎರಡರ ಪಾಳೀದು."

"ಮತ್ತ ಗಣಿ ಭೋಂಗಾ ಯಾವ್ದು?" ಅಂದರು ಕಾಕಾ.

ಅವರು ಚಿಮ್ಮನಚೋಡದ ಕಡೆಯವರು. ಹೊಲದ ಕೆಲಸ ಮಾಡಿದವರು, ಮಗಳ ಮನೆಗೆಂದು ಇಲ್ಲಿಗೆ ಬಂದವರು. ಅವರ ಊರಿನಲ್ಲಿ ಪಾಳಿಯೂ ಇಲ್ಲ, ಪಾಳಿಯ ಕೂಗೂ ಇಲ್ಲ. ಅವರು ಕೆಲಸಕ್ಕೆ ಸೇರಿದ್ದೇ ಊರ ಕಡೆಯ ಭೋಂಗಾ ಸತ್ತ ಮೇಲೆ, ಹಿಂದಿನ ದಿನದ ಸೈರನ್ನನ್ನು ನನ್ನ ರಿಪೇರಿಯ ಸದ್ದು ಎಂದುಕೊಂಡಿದ್ದರು. ಕೆಲಸಕ್ಕೆ ಸೇರಿಸಿಕೊಂಡವರು ಹೇಳಿದ್ದು ಒಂದೇ ಮಾತು: ಬ್ಲಾಸ್ಟ್ ಆಗಿ ಭೋಂಗಾ ಹೊಡೆದ ಮೇಲೆ ಬಿಡು. ಮದ್ದಿನ ಗಾಡಿ ಬಂದದ್ದನ್ನು ಕಣ್ಣಾರೆ ಕಂಡು ಅವರು ದಾರಿ ಕಟ್ಟುತ್ತಿದ್ದರು, ಒಂದು ಬ್ಲಾಸ್ಟ್ ಕೇಳುತ್ತಿದ್ದರು, ಎರಡಕ್ಕೆ ಭೋಂಗಾ ಹೊಡೆಯುತ್ತಿತ್ತು, ಬಿಡುತ್ತಿದ್ದರು. ದಿನವೂ ಒಂದೇ ಬ್ಲಾಸ್ಟ್ ಆಗುತ್ತಿದ್ದುದರಿಂದ ಎಲ್ಲ ಸರಿಹೋಗಿತ್ತು, ಹೋತ ಸತ್ತ ದಿನ ಮಾತ್ರ ಎರಡಿದ್ದವು. ನಮ್ಮ ಕಡೆ ಮೈಕಿನ ಕಹಳೆಗೂ ಭೋಂಗಾ ಅನ್ನುತ್ತೇವೆ, ಕಾರ್ಖಾನೆಯ ಕೂಗಿಗೂ ಭೋಂಗಾ ಅನ್ನುತ್ತೇವೆ. ಮೇಟ್ ಒಂದನ್ನು ಕೇಳುತ್ತಿದ್ದರು, ಕಾಕಾ ಇನ್ನೊಂದಕ್ಕೆ ಉತ್ತರ ಕೊಡುತ್ತಿದ್ದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಹೊತ್ತು ಹೇಳಲು ನಾನು ಎಲ್ಲರ ಮುಂದೆ ಬಳಸಿದ ಸದ್ದೂ ಅದೇ.

ಕಾಕಾ ಝೇಂಡಾವನ್ನು ನೆಲಕ್ಕೆ ಒರಗಿಸಿ ಕುಳಿತರು. ಆಕೆ ಅವರ ಮುಂದೆ ನೀರಿನ ಬಾಟಲಿ ಇಟ್ಟಳು. ಅಂದು ಆಕೆ ಮತ್ತೇನೂ ಚೇಷ್ಟೆ ಮಾಡಲಿಲ್ಲ.

ಮೇಟರಿಗೆ ಹೇಳಿದೆ. ಅವರು ಹಣೆ ಹಿಡಿದುಕೊಂಡರು, ಆಮೇಲೆ ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಈಗ ಗೊತ್ತಾಯಿತಲ್ಲ, ಕಾಕಾನಿಗೆ ಎರಡೂ ಕೂಗಿನ ಗುರುತು ಹೇಳಿದರೆ ಮುಗಿಯಿತು, ತಂತಿ ಜೋಡಿಸಿ ಸರಿ ಎನ್ನಿ ಎಂದರು. ನಾನು ಆಗುವುದಿಲ್ಲ ಎಂದೆ. ಭೋಂಗಾ ಮತ್ತೆ ಸಾಯುವುದಿಲ್ಲ ಎಂದು ನಾನು ಬರೆದುಕೊಡಲಾರೆ. ತಂತಿಯನ್ನು ಇಲಿ ಕಡಿದೀತು, ಟಿಪ್ಪರ್ ಹರಿದೀತು. ಸತ್ತ ದಿನ ಅದು ಸತ್ತದ್ದು ನಿಮಗೆ ಇಲ್ಲಿ ಕುಳಿತು ತಿಳಿಯಬೇಕು, ಅದೂ ಮದ್ದಿಗೆ ಕಿಡಿ ಕೊಡುವ ಮೊದಲು.

ಮೇಟರಿಗೆ ಸಿಟ್ಟು ಬಂತು. "ನಿಮ್ಮ ಕೆಲಸ ಭೋಂಗಾದ್ದು ಮಿಸ್ತ್ರಿ, ಕಿವೀದಲ್ಲ."

"ಕೇಳಿಸ್ತೇನಂತ ಇನ್ನ ಕೇಳಬ್ಯಾಡ್ರಿ ಸಾಹೇಬ್ರ. ಏನ್ ಕೇಳಿಸ್ತಂತ ಕೇಳ್ರಿ."

ಆ ಮಾತು ಬಾಯಿಂದ ಬಂದ ಮೇಲೆ ನನಗೇ ದಾರಿ ಕಂಡಿತು. ಕಾಕಾನ ದನಿ ಗಣಿ ದಾಟಿ ಬರಲಾರದು. ಆದರೆ ಬಂಡಿದಾರಿ ಮೂಡಣದ ಕೋಣೆಗೆ ಕಾಣುತ್ತದೆ, ಭೋಂಗಾವನ್ನು ನಂಬಿ ಯಾರೂ ಅತ್ತ ನೋಡುತ್ತಿರಲಿಲ್ಲ ಅಷ್ಟೇ. ಕಿಡಿ ಕೊಡುವ ಮೊದಲು ಮೇಟ್ ಮೈಕಿನಲ್ಲಿ ಒಂದು ಬಣ್ಣ ಹೇಳಬೇಕು, ದಿನಕ್ಕೊಂದು, ತಮಗೆ ತೋಚಿದ್ದು. ಕಾಕಾ ಆ ಬಣ್ಣದ ಬಟ್ಟೆಯನ್ನು ಕೋಲಿಗೆ ಏರಿಸಬೇಕು. ಅದೇ ಬಣ್ಣ ಕಂಡರೆ ಮಾತ್ರ ಬ್ಲಾಸ್ಟ್. ದಾರಿ ತೆರೆಯುವುದಕ್ಕೂ ಹಾಗೆಯೇ, ಬರೀ ಕೂಗಿಗೆ ಅಲ್ಲ, ಮೈಕಿನಲ್ಲಿ ಇನ್ನೊಂದು ಬಣ್ಣ ಕೇಳಿದ ಮೇಲೆ. ಕಾರ್ಖಾನೆಯ ಭೋಂಗಾ ಎಷ್ಟು ಕೂಗಿದರೂ ಬಣ್ಣ ಹೇಳಲಾರದು.

ಮ್ಯಾನೇಜರ್ ಒಪ್ಪಿದರು. ಕಾಕಾ ಉಳಿದರು. ಬಟ್ಟೆ ಎಲ್ಲಿಂದ ತರುವುದು ಎಂದು ಮಾತಾಡುತ್ತಿದ್ದಾಗ ಆಡು ಕಾಯುವ ಆಕೆ ಮನೆಗೆ ಹೋಗಿ ಟ್ರಂಕಿನಿಂದ ಹಳದಿ, ನೀಲಿ, ಹಸಿರು ಖಣ ತಂದಳು, ಉಡಿ ತುಂಬಿದಾಗ ಬಂದಿದ್ದ ಕುಪ್ಪಸದ ಬಟ್ಟೆಗಳು.

"ಹೊಲಿಸ್ಕೊಳ್ಳಿಲ್ಲೇನು ಇವನ್ನ?" ಅಂದೆ.

"ಜೀವಿದ್ರ ಹೊಲಿಸ್ಕೊಂಡೇನು ಅಣ್ಣಾ," ಅಂದಳು. "ಮಾಮಾ, ನೀಲಿ ಅಂದ್ರ ಹಸರು ಎತ್ತಬ್ಯಾಡ್ರಿ. ಕಣ್ಣು ಛಲೋ ಅವೇನು?"

"ನಿನಕ್ಕಿಂತ ಛಲೋ ಅವ," ಅಂದರು ಕಾಕಾ. ಹೋತ ಸತ್ತ ಮೇಲೆ ಅವರು ಆಕೆಗೆ ಎದುರುತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಂತಿ ಜೋಡಿಸಿದೆ, ಮ್ಯಾನೇಜರಿಗೆ ಸರಿ ಎಂದು ಹೇಳಿದೆ. ಮೊದಲ ದಿನ ಮೇಟ್ ಹಳದಿ ಎಂದರು, ಹಳದಿ ಏರಿತು. ಆಮೇಲೆ ಹಾಗೆಯೇ ನಡೆಯಿತು. ನಾನು ವಾಡಿಯಲ್ಲಿದ್ದಾಗ ಮಾತ್ರ, ಎರಡರ ಪಾಳಿಯ ಕೂಗು ಬಂದೊಡನೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕಿವಿ ನಿಮಿರಿಸುತ್ತಿದ್ದೆ. ಇಷ್ಟು ದೂರಕ್ಕೆ ಏನೂ ಕೇಳುವುದಿಲ್ಲ ಎಂದು ಗೊತ್ತಿದ್ದರೂ.

ಮಳೆಗಾಲಕ್ಕೆ ಮೊದಲು ಭೋಂಗಾಗಳನ್ನು ನೋಡಲು ಮತ್ತೆ ಹೋದೆ. ಈ ಸಲ ನಾನು ನಿಂತದ್ದು ಬಂಡಿದಾರಿಯಲ್ಲಿ, ಕಾಕಾನ ಬಲಗಡೆ. ಆಕೆ ಆಡುಗಳನ್ನು ನಮ್ಮ ಹಿಂದೆ ತಡೆದು ನಿಂತಿದ್ದಳು. ಮದ್ದಿನ ಗಾಡಿ ಬಂದು ಹೋದದ್ದನ್ನು ಮೂವರೂ ಕಂಡಿದ್ದೆವು. ಸೈರನ್ ಬರಲಿಲ್ಲ. ಬಣ್ಣ ಬರಲಿಲ್ಲ. ಗಣಿಯ ಕಡೆಯಿಂದ ಯಾವ ಸದ್ದೂ ಇಲ್ಲ. ಎದುರು ದಂಡೆಯ ಕೋಣೆಯ ಮುಂದೆ ಮೇಟ್ ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ನಮ್ಮತ್ತ ನೋಡುತ್ತ ನಿಂತದ್ದು ಕಂಡಿತು. ಅವರು ಬಣ್ಣ ಹೇಳಿ ಆಗಿತ್ತು. ಬಟ್ಟೆ ಏರುವುದನ್ನು ಕಾಯುತ್ತಿದ್ದರು. ಊರ ಕಡೆಯ ತಂತಿಯನ್ನು ಬೆಳಗಿನ ಟಿಪ್ಪರೊಂದು ಹರಿದಿತ್ತು ಎಂಬುದು ಆಮೇಲೆ ತಿಳಿಯಿತು.

ನಾನು ಬಾಯಿ ತೆರೆಯಲಿಲ್ಲ. ಕಾಕಾ ತಾವಾಗಿಯೇ ಏನು ಮಾಡುತ್ತಾರೆ ಎಂದು ನೋಡಬೇಕಿತ್ತು.

ಕಾರ್ಖಾನೆಯ ಭೋಂಗಾ ಕೂಗಿತು. ಆಡುಗಳು ಅಭ್ಯಾಸಬಲದಿಂದ ಮುಂದಕ್ಕೆ ನುಗ್ಗಿದವು, ಆಕೆ ಕೋಲು ಅಡ್ಡ ಹಿಡಿದಳು. ಕೂಗು ನಿಂತಿತು. ಕಾಕಾನ ಕೈಯಲ್ಲಿನ ಗಂಟೆ ಅಲ್ಲಾಡಲಿಲ್ಲ. ಮೇಟ್ ಕೋಣೆಯ ಒಳಗೆ ಹೋಗಿ, ಕಿಡಿಯ ತಂತಿ ಬಿಚ್ಚಿಸಿ, ಒಬ್ಬನನ್ನು ನಮ್ಮ ಕಡೆಗೆ ನಡೆಸಿ ಕಳಿಸಿದರು. ಆ ಮನುಷ್ಯ ಗಣಿ ಸುತ್ತಿ ಬಂದು ಮುಟ್ಟುವವರೆಗೂ ಕಾಕಾ ಝೇಂಡಾ ಹಿಡಿದ ಕೈಯನ್ನು ಬದಲಿಸಲಿಲ್ಲ.

ಆ ಮಧ್ಯಾಹ್ನ ಅಲ್ಲಿ ಏನೂ ಆಗಲಿಲ್ಲ. ಅದನ್ನು ಕಂಡವರು ನಾನಲ್ಲದೆ ಇನ್ನೂ ಮೂವರಿದ್ದಾರೆ. ಎದುರು ದಂಡೆಯಿಂದ ನೋಡಿದ ಮೇಟ್, ಈಗಲೂ ಅದೇ ಕೋಣೆಯಲ್ಲಿ ಗುಂಡಿಯಿಲ್ಲದ ಮಷಿನ್ನಿನ ಮುಂದೆ ಕೂರುತ್ತಾರೆ. ಚಿಮ್ಮನಚೋಡದ ಕಾಕಾ, ಮಗಳ ಮನೆಯಲ್ಲಿದ್ದಾರೆ, ಝೇಂಡಾ ಬಿಟ್ಟಿಲ್ಲ. ಮತ್ತು ಆಡು ಕಾಯುವ ಆಕೆ, ಹಳ್ಳದ ದಾರಿಯಲ್ಲೇ ಹೋಗಿ ಬರುತ್ತಾಳೆ. ಮೂವರೂ ಬದುಕಿದ್ದಾರೆ.